ಶೀಟ್ ಜೋಡಿಸಿದ್ದಕ್ಕೆ 43 ಜನರಿಗೆ ಮೇಲ್ ಹೋಯಿತು, ಯಾಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಮೂರು ಕೋಣೆಯ ಹೋಮ್‌ಸ್ಟೇ. ನಾನು, ನಮ್ಮೆಜಮಾನ್ರು ಇಬ್ಬರೇ ನೋಡಿಕೊಳ್ಳುತ್ತೇವೆ. ಹಬ್ಬಕ್ಕೆ ಬಂದಿದ್ದ ಮಗಳು ಬುಕಿಂಗ್‌ಗೆ ಆಟೊಮೇಷನ್ ಮಾಡಿಕೊಟ್ಟಳು. ಅತಿಥಿಗಳು ಗೂಗಲ್ ಫಾರ್ಮ್‌ನಲ್ಲಿ ಕೋಣೆ, ತಾರೀಖು ತುಂಬಿದರೆ ಶೀಟ್‌ನಲ್ಲಿ ಒಂದು ಸಾಲು ಸೇರುತ್ತದೆ. ಆಮೇಲೆ ‘ನಿಮ್ಮ ಬುಕಿಂಗ್ ಖಚಿತವಾಗಿದೆ’ ಅಂತ ಅವರಿಗೆ ಮೇಲ್ ಹೋಗುತ್ತದೆ, ನಮ್ಮ ಕ್ಯಾಲೆಂಡರ್‌ನಲ್ಲೂ ದಾಖಲಾಗುತ್ತದೆ. ಎಲ್ಲ ಉಚಿತ ಪ್ಲಾನ್‌ನಲ್ಲಿ. ಮೂರು ತಿಂಗಳು ಏನೂ ತೊಂದರೆ ಇರಲಿಲ್ಲ. ಹೋದ ತಿಂಗಳು ನಮ್ಮೆಜಮಾನ್ರು ಶೀಟ್‌ನ ಸಾಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದರು, ಅಷ್ಟೇ. ಅರ್ಧ ಗಂಟೆಯೊಳಗೆ, ಹಿಂದೆ ಬಂದುಹೋದ 43 ಜನರಿಗೆ ‘ಬುಕಿಂಗ್ ಖಚಿತ’ ಮೇಲ್ ಹೋಗಿದೆ. ಫೋನ್ ಮೇಲೆ ಫೋನ್. ಅದೇ ವಾರ ಶನಿವಾರಕ್ಕೆ ಒಂದೇ ಕೋಣೆ ಇಬ್ಬರಿಗೆ ಖಚಿತವಾಯಿತು. ಇಬ್ಬರೂ ಹತ್ತು ನಿಮಿಷದ ಅಂತರದಲ್ಲಿ ಫಾರ್ಮ್ ತುಂಬಿದ್ದರು. ಮುಂಗಡ 1,500 ರೂಪಾಯಿ ಕಟ್ಟಿದ ಒಬ್ಬರಿಗೆ ಎರಡೆರಡು ರಸೀದಿ ಹೋಗಿದೆ, ಅದರಲ್ಲಿ ಮೊತ್ತ 1,50,000 ಅಂತಿದೆ. ಪರಿಚಯದವರೊಬ್ಬರು ‘ಎಐ ತಾನಾಗೇ ಮಾಡ್ತಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಅಕೌಂಟ್ ಹ್ಯಾಕ್ ಆಗಿದೆ’ ಎನ್ನುತ್ತಾರೆ. ನಮ್ಮಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ, ಅದೇ ಕಾರಣ ಇರಬಹುದಾ? ಇದನ್ನೆಲ್ಲ ಬಿಟ್ಟು ಹಳೇ ನೋಟ್‌ಬುಕ್‌ಗೇ ವಾಪಸ್ ಹೋಗಲಾ?

ಉತ್ತರ: 43 ಜನರಿಗೆ ಒಬ್ಬೊಬ್ಬರಿಗೂ ಫೋನಿನಲ್ಲಿ ಸಮಜಾಯಿಷಿ ಕೊಡುವುದು ಎಷ್ಟು ಕಷ್ಟ ಅಂತ ಗೊತ್ತು. ಈ ಕೆಲಸದಲ್ಲಿರುವ ನನಗೂ ಅಂಥ ಬೆಳಗುಗಳು ಬಂದಿವೆ, ಒಂದನ್ನು ಮುಂದೆ ಹೇಳುತ್ತೇನೆ. ಓದುವ ಮೊದಲು ಒಂದು ಕೆಲಸ ಮಾಡಿ. ಆಟೊಮೇಷನ್ ಇನ್ನೂ ಆನ್ ಇದ್ದರೆ ಈಗಲೇ ಆಫ್ ಮಾಡಿ. ಫಾರ್ಮ್ ಎಂದಿನಂತೆ ತೆರೆದೇ ಇರಲಿ. ಬುಕಿಂಗ್‌ಗಳು ಶೀಟ್‌ಗೆ ಬರುತ್ತಲೇ ಇರುತ್ತವೆ, ಯಾವುದೂ ಕಳೆದುಹೋಗುವುದಿಲ್ಲ. ಸರಿಮಾಡಿ ಮತ್ತೆ ಆನ್ ಮಾಡುವವರೆಗೆ ಅವನ್ನು ನೀವೇ ನೋಡಿ ಉತ್ತರಿಸಿ. ಯಾಕೆಂದರೆ ಆಫ್ ಇದ್ದ ಹೊತ್ತಿನಲ್ಲಿ ಬಂದದ್ದನ್ನು ಬಹಳಷ್ಟು ಟೂಲ್‌ಗಳು ಆಮೇಲೆ ಹಿಂದಿರುಗಿ ನೋಡುವುದಿಲ್ಲ.

ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ. ಹಳಬರಿಗೆ ಮೇಲ್ ಹೋದದ್ದು ಒಂದು, ಕೋಣೆ ಇಬ್ಬರಿಗೆ ಹೋದದ್ದು ಒಂದು, ರಸೀದಿ ಇನ್ನೊಂದು. ಮೂರನ್ನೂ ಅರ್ಥ ಮಾಡಿಕೊಳ್ಳಲು ಮೊದಲು ತಿಳಿಯಬೇಕಾದದ್ದು ಟ್ರಿಗರ್, ಅಂದರೆ ಆಟೊಮೇಷನ್ನನ್ನು ಎಬ್ಬಿಸುವ ಘಟನೆ: ಅದು ಏನನ್ನು ನೋಡುತ್ತದೆ, ಯಾವಾಗ ನೋಡುತ್ತದೆ ಅನ್ನುವುದು.

ಮೊದಲು ಪರಿಚಯದವರ ಮಾತುಗಳನ್ನು ನೋಡೋಣ. ಎಐ ಇಲ್ಲಿ ಏನೂ ಮಾಡಿಲ್ಲ. ನಿಮ್ಮ ಮಗಳು ಕಟ್ಟಿದ್ದು ‘ಹೀಗಾದರೆ ಹಾಗೆ ಮಾಡು’ ಅನ್ನುವ ಒಂದೇ ನಿಯಮ. ಅದಕ್ಕೆ ಸ್ವಂತ ಬುದ್ಧಿ ಇಲ್ಲ, ಇದ್ದಿದ್ದರೆ ಮಾರ್ಚ್‌ನಲ್ಲಿ ಬಂದುಹೋದವರಿಗೆ ಜೂನ್‌ನಲ್ಲಿ ಖಚಿತ ಪತ್ರ ಕಳಿಸುತ್ತಿರಲಿಲ್ಲ. ಹ್ಯಾಕ್ ಆಗಿದೆಯೋ ಇಲ್ಲವೋ ಅನ್ನುವುದನ್ನು ನೀವೇ ಪರೀಕ್ಷಿಸಬಹುದು. ಇಂಥ ಪ್ರತಿಯೊಂದು ಟೂಲ್‌ನಲ್ಲೂ ಹಿಸ್ಟರಿ ಅಥವಾ ರನ್ಸ್ ಅನ್ನುವ ಪುಟ ಇರುತ್ತದೆ. ಯಾವ ಹೊತ್ತಿಗೆ ಓಡಿತು, ಯಾವ ಸಾಲಿನ ಮಾಹಿತಿ ಹಿಡಿಯಿತು, ಯಾರಿಗೆ ಕಳಿಸಿತು ಎಲ್ಲ ಅಲ್ಲಿ ಬರೆದಿರುತ್ತದೆ. ಆ 43 ಮೇಲ್‌ಗಳು ಅಲ್ಲಿ ಕಂಡರೆ ಕಳಿಸಿದ್ದು ನಿಮ್ಮ ಆಟೊಮೇಷನ್ನೇ, ಹೊರಗಿನವರಲ್ಲ. ಅಲ್ಲಿಲ್ಲದೆ ಬರೀ ಜಿಮೇಲ್‌ನ ‘ಸೆಂಟ್’ ಒಳಗೆ ಮಾತ್ರ ಇದ್ದರೆ ಆಗ ಪಾಸ್‌ವರ್ಡ್ ಬದಲಿಸುವ ಮಾತು. ನೀವು ಹೇಳಿದ ಕತೆಯಲ್ಲಿ ಶೀಟ್ ಜೋಡಿಸಿದ ಅರ್ಧ ಗಂಟೆಯೊಳಗೆ ಮೇಲ್ ಹೋಗಿರುವುದರಿಂದ ನನಗೆ ಅನುಮಾನವೇ ಇಲ್ಲ.

ಕರೆಂಟಿಗೂ ಸಂಬಂಧ ಇಲ್ಲ. ಝೇಪಿಯರ್, ಮೇಕ್ ಥರದ ಆಟೊಮೇಷನ್ ಟೂಲ್‌ಗಳು ಆಯಾ ಕಂಪನಿಯ ಸರ್ವರ್‌ಗಳಲ್ಲಿ ಓಡುತ್ತವೆ. ನಿಮ್ಮ ಮನೆಯಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಫೋನ್ ಸತ್ತು ಬಿದ್ದಿದ್ದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಮನೆಯ ಕಂಪ್ಯೂಟರಿನಲ್ಲೇ ಟೂಲ್ ಹಾಕಿಕೊಂಡಿದ್ದರೆ ಮಾತ್ರ ಆ ಭಯ.

ಈಗ ಟ್ರಿಗರ್ ವಿಷಯ. ಮಲೆನಾಡಿನ ಒಂಟಿ ಮನೆಗಳಿಗೆ ರಸ್ತೆ ಬದಿಯ ಗೇಟಿನಲ್ಲಿ ಕಾಗದದ ಪೆಟ್ಟಿಗೆ ಇರುತ್ತದಲ್ವಾ, ಅದನ್ನು ನೆನಪಿಸಿಕೊಳ್ಳಿ. ಕಾಗದ ಬಂದಿದೆ ಅಂತ ಮನೆಯವರಿಗೆ ಗೊತ್ತಾಗಲು ಎರಡೇ ದಾರಿ. ಅಂಚೆಯಣ್ಣ ಗೇಟಿನಿಂದ ಕೂಗಬೇಕು, ಇಲ್ಲವೇ ಮನೆಯಿಂದ ಯಾರಾದರೂ ಆಗಾಗ ಹೋಗಿ ಪೆಟ್ಟಿಗೆ ತೆಗೆದು ನೋಡಬೇಕು. ಕೂಗುವ ಥರದ್ದಕ್ಕೆ ವೆಬ್‌ಹುಕ್ ಅನ್ನುತ್ತಾರೆ, ಅದು ಆ ಕ್ಷಣವೇ ಮುಟ್ಟುತ್ತದೆ. ಹೋಗಿ ನೋಡುವ ಥರದ್ದು ಪೋಲಿಂಗ್. ಝೇಪಿಯರ್‌ನ ಉಚಿತ ಪ್ಲಾನ್‌ನಲ್ಲಿ ಈ ‘ಹೋಗಿ ನೋಡುವುದು’ 15 ನಿಮಿಷಕ್ಕೊಮ್ಮೆ. ಮೇಕ್‌ನ ಉಚಿತ ಪ್ಲಾನ್‌ನಲ್ಲೂ ಕನಿಷ್ಠ ಅಂತರ 15 ನಿಮಿಷವೇ. ಹಣ ಕೊಟ್ಟರೆ ಅಂತರ ಕಡಿಮೆಯಾಗುತ್ತದೆ.

ನಿಮ್ಮ ಶನಿವಾರದ ಕತೆಗೆ ಇದನ್ನೇ ಹಚ್ಚಿ ನೋಡಿ. ಮೊದಲನೆಯವರು 10:02ಕ್ಕೆ ಫಾರ್ಮ್ ತುಂಬಿದರು ಅನ್ನಿ, ಎರಡನೆಯವರು 10:12ಕ್ಕೆ. ಟೂಲ್ ಪೆಟ್ಟಿಗೆ ನೋಡಿದ್ದು 10:15ಕ್ಕೆ. ಒಳಗೆ ಎರಡು ಕಾಗದ ಇದ್ದವು, ಎರಡಕ್ಕೂ ‘ಖಚಿತ’ ಅಂತ ಉತ್ತರ ಬರೆಯಿತು. ಕ್ಯಾಲೆಂಡರ್‌ನಲ್ಲಿ ಕೋಣೆ ಖಾಲಿ ಇದೆಯಾ ಅಂತ ನೋಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅಂದರೆ 15 ನಿಮಿಷದ ಅಂತರ ಇಲ್ಲದಿದ್ದರೂ, ಆ ಕ್ಷಣವೇ ಓಡುವ ಟ್ರಿಗರ್ ಇದ್ದರೂ ಇದೇ ಆಗುತ್ತಿತ್ತು. ದುಡ್ಡು ಕೊಟ್ಟು ವೇಗದ ಪ್ಲಾನ್ ತಗೊಂಡರೆ ಡಬಲ್ ಬುಕಿಂಗ್ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಉಚಿತ ಪ್ಲಾನ್‌ಗಳಲ್ಲಿ ಇನ್ನೊಂದು ತೊಡಕಿದೆ. ಝೇಪಿಯರ್‌ನಲ್ಲಿ ಉಚಿತವಾಗಿ ಕಟ್ಟುವುದಾದರೆ ಒಂದು ಟ್ರಿಗರ್‌ಗೆ ಒಂದೇ ಆ್ಯಕ್ಷನ್, ಅಂದರೆ ಅದು ಎದ್ದಾಗ ಮಾಡುವ ಕೆಲಸ ಒಂದೇ. ಹಾಗಾಗಿ ಮೇಲ್‌ಗೆ ಒಂದು, ಕ್ಯಾಲೆಂಡರ್‌ಗೆ ಒಂದು ಅಂತ ಬೇರೆ ಬೇರೆ ಕಟ್ಟಬೇಕಾಗುತ್ತದೆ. ಆಗ ಎರಡೂ ತಮ್ಮ ಪಾಡಿಗೆ ಓಡುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಖಾತರಿ ಇಲ್ಲ. ಒಂದಕ್ಕಿನ್ನೊಂದರ ಸುದ್ದಿಯೇ ತಿಳಿಯುವುದಿಲ್ಲ.

ಇನ್ನು ಆ 43 ಮೇಲ್. ಟ್ರಿಗರ್ ಆರಿಸುವಾಗ ಪಟ್ಟಿಯಲ್ಲಿ ‘ಹೊಸ ಸಾಲು’ ಮತ್ತು ‘ಹೊಸ ಅಥವಾ ಬದಲಾದ ಸಾಲು’ ಅಂತ ಎರಡು ಸಿಗುತ್ತವೆ. ನಿಮ್ಮ ಮಗಳು ಎರಡನೆಯದನ್ನು ಆರಿಸಿರಬೇಕು. ಅವಳ ಲೆಕ್ಕ ತಪ್ಪೇನಲ್ಲ. ಅತಿಥಿ ಆಮೇಲೆ ಫಾರ್ಮ್ ತಿದ್ದಿ ತಾರೀಖು ಬದಲಿಸಿದರೆ ಅದೇ ಸಾಲು ಬದಲಾಗುತ್ತದೆ, ಅದೂ ಸಿಗಲಿ ಅಂತ ಯೋಚಿಸಿರುತ್ತಾಳೆ. ಆದರೆ ಶೀಟ್‌ನ ಸಾಲಿಗೆ ಬ್ಯಾಂಕಿನ ಅಕೌಂಟ್ ನಂಬರಿನಂಥ ಶಾಶ್ವತ ಗುರುತು ಇರುವುದಿಲ್ಲ. ಟೂಲ್‌ಗೆ ಕಾಣುವುದು ಇಷ್ಟೇ: 12ನೇ ಸಾಲಿನಲ್ಲಿ ನಿನ್ನೆ ಒಬ್ಬರ ಹೆಸರಿತ್ತು, ಇವತ್ತು ಬೇರೆಯವರ ಹೆಸರಿದೆ, ಅಂದರೆ ಸಾಲು ಬದಲಾಗಿದೆ. ನಿಮ್ಮೆಜಮಾನ್ರು ತಾರೀಖಿನ ಪ್ರಕಾರ ಜೋಡಿಸಿದಾಗ 43 ಸಾಲುಗಳು ಜಾಗ ಬದಲಿಸಿದವು. ಟೂಲ್ ಅದನ್ನು 43 ಬದಲಾವಣೆ ಅಂತ ಎಣಿಸಿತು. ನಡುವೆ ಒಂದು ಸಾಲು ಸೇರಿಸಿದರೂ, ಒಂದನ್ನು ಅಳಿಸಿದರೂ ಹೀಗೆ ಆಗಬಹುದು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಶೀಟ್ ಇರುವುದೇ ಜೋಡಿಸಿ ನೋಡುವುದಕ್ಕೆ.

ಕ್ಯಾಲೆಂಡರ್ ತೆಗೆದು ನೋಡಿದಿರಾ? ಅಲ್ಲೂ ಹಳೆಯ ತಾರೀಖುಗಳಲ್ಲಿ 43 ಜೋಡಿ ದಾಖಲೆಗಳು ಬಿದ್ದಿರುವ ಸಾಧ್ಯತೆ ಹೆಚ್ಚು. ಝೇಪಿಯರ್‌ನ ಲೆಕ್ಕದಲ್ಲಿ ಯಶಸ್ವಿಯಾದ ಪ್ರತಿ ಆ್ಯಕ್ಷನ್ ಒಂದು ಟಾಸ್ಕ್, ಟ್ರಿಗರ್‌ಗೆ ಲೆಕ್ಕವಿಲ್ಲ. 43 ಮೇಲ್, 43 ಕ್ಯಾಲೆಂಡರ್ ದಾಖಲೆ, ಒಟ್ಟು 86. ಉಚಿತವಾಗಿ ಸಿಗುವುದು ತಿಂಗಳಿಗೆ 100. ಅಂದರೆ ಒಂದು ಸಲ ಶೀಟ್ ಜೋಡಿಸಿದ್ದಕ್ಕೆ ತಿಂಗಳ ಕೋಟಾವೇ ಮುಗಿಯುತ್ತಾ ಬಂತು. ಅದಾದ ಮೇಲೆ ಬಂದ ನಿಜವಾದ ಬುಕಿಂಗ್‌ಗಳಿಗೆ ಉತ್ತರ ಹೋಗದೆ ಉಳಿದಿರಬಹುದು. ಆ ತಿಂಗಳ ಕೊನೆಯ ವಾರದ ಸಾಲುಗಳನ್ನು ಒಮ್ಮೆ ಕೈಯಾರೆ ನೋಡಿ.

ರಸೀದಿಯ ಗೊಂದಲಕ್ಕೆ ಕಾರಣ ಬೇರೆ. ಪೇಮೆಂಟ್ ಗೇಟ್‌ವೇ, ಅಂದರೆ ಅತಿಥಿಯ ಹಣವನ್ನು ಆನ್‌ಲೈನ್‌ನಲ್ಲಿ ನಿಮಗೆ ಮುಟ್ಟಿಸುವ ಸೇವೆ, ಒಂದೇ ಪಾವತಿಗೆ ಹಲವು ಸುದ್ದಿ ಕಳಿಸುತ್ತದೆ. ರೇಜರ್‌ಪೇಯನ್ನೇ ತಗೊಳ್ಳಿ. ಗ್ರಾಹಕರ ಬ್ಯಾಂಕ್ ಒಪ್ಪಿದಾಗ ಪೇಮೆಂಟ್ ಆಥರೈಸ್ಡ್ ಅಂತ ಒಂದು, ಆ ಹಣವನ್ನು ನಿಮ್ಮ ಲೆಕ್ಕಕ್ಕೆ ಹಿಡಿದಾಗ ಪೇಮೆಂಟ್ ಕ್ಯಾಪ್ಚರ್ಡ್ ಅಂತ ಇನ್ನೊಂದು, ಆರ್ಡರ್ ಪೂರ್ತಿಯಾದಾಗ ಆರ್ಡರ್ ಪೇಯ್ಡ್ ಅಂತ ಮತ್ತೊಂದು. ಆಟೊಮೇಷನ್‌ಗೆ ಗೇಟ್‌ವೇ ಸೇರಿಸುವಾಗ ‘ಎಲ್ಲ ಇರಲಿ’ ಅಂತ ಒಂದಕ್ಕಿಂತ ಹೆಚ್ಚು ಟಿಕ್ ಮಾಡಿದರೆ ಒಂದೇ ಮುಂಗಡಕ್ಕೆ ಎರಡು ಮೂರು ರಸೀದಿ ಹೊರಡುತ್ತವೆ. ನಿಮಗೆ ಬೇಕಾದದ್ದು ಕ್ಯಾಪ್ಚರ್ಡ್ ಒಂದೇ. ಆಥರೈಸ್ಡ್ ಆದ ಹಣ ಇನ್ನೂ ನಿಮ್ಮದಾಗಿರುವುದಿಲ್ಲ, ಆ ಹಂತದಲ್ಲಿ ರಸೀದಿ ಕೊಡಬಾರದು. ಜೊತೆಗೆ, ಸುದ್ದಿ ಮುಟ್ಟಿತು ಅಂತ ಈ ಕಡೆಯಿಂದ ಬೇಗ ಉತ್ತರ ಹೋಗದಿದ್ದರೆ ಗೇಟ್‌ವೇ ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತದೆ. ಇದು ದೋಷವಲ್ಲ. ಹಣದ ಸುದ್ದಿ ಒಮ್ಮೆಯೂ ತಪ್ಪಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಎರಡು ಸಲ ಬಂದದ್ದನ್ನು ಗುರುತಿಸುವುದು ನಮ್ಮ ಕಡೆಯ ಕೆಲಸ.

ಆ 1,50,000? ರೇಜರ್‌ಪೇ ಮೊತ್ತವನ್ನು ಪೈಸೆಯಲ್ಲಿ ಕಳಿಸುತ್ತದೆ. 1,500 ರೂಪಾಯಿ ಅಂದರೆ 1,50,000 ಪೈಸೆ. ರಸೀದಿಗೆ ಹಾಕುವ ಮೊದಲು 100ರಿಂದ ಭಾಗಿಸುವ ಒಂದು ಹೆಜ್ಜೆ ಬಿಟ್ಟುಹೋಗಿದೆ. ಅತಿಥಿಯ ಖಾತೆಯಿಂದ ಹೋಗಿರುವುದು 1,500 ರೂಪಾಯಿಯೇ, ಅವರಿಗೆ ಧೈರ್ಯವಾಗಿ ಹೇಳಿ. ಆದರೆ ತಪ್ಪು ಮೊತ್ತದ ರಸೀದಿ ಲೆಕ್ಕದಲ್ಲಿ ಉಳಿಯಬಾರದು. ಸರಿಯಾದದ್ದನ್ನು ಕಳಿಸಿ, ‘ಹಿಂದಿನದು ರದ್ದಾಗಿದೆ’ ಅಂತ ಅದರಲ್ಲೇ ಬರೆಯಿರಿ.

ಸರಿ, ಈಗ ಏನು ಮಾಡುವುದು?

ನನ್ನ ಅಭಿಪ್ರಾಯ ಹೇಳುತ್ತೇನೆ. ಮೂರೇ ಕೋಣೆ ಇರುವ ಮನೆಯಲ್ಲಿ ‘ಖಚಿತ’ ಅನ್ನುವ ಮಾತನ್ನು ಯಂತ್ರದ ಬಾಯಿಗೆ ಕೊಡಬೇಡಿ. ಅದು ನೀವು ಅತಿಥಿಗೆ ಕೊಡುವ ಮಾತು. ಫಾರ್ಮ್ ತುಂಬಿದ ಕೂಡಲೇ ತಾನಾಗಿ ಹೋಗುವ ಮೇಲ್‌ನಲ್ಲಿ ‘ನಿಮ್ಮ ಕೋರಿಕೆ ಬಂದಿದೆ, ಇವತ್ತು ಸಂಜೆಯೊಳಗೆ ತಿಳಿಸುತ್ತೇವೆ’ ಅಂತಷ್ಟೇ ಇರಲಿ. ಶೀಟ್‌ನಲ್ಲಿ ‘ನಿರ್ಧಾರ’ ಅಂತ ಒಂದು ಕಾಲಂ ಮಾಡಿ. ಕ್ಯಾಲೆಂಡರ್ ನೋಡಿ, ಕೋಣೆ ಖಾಲಿ ಇದ್ದರೆ ಅಲ್ಲಿ ‘ಸರಿ’ ಅಂತ ಬರೆಯಿರಿ. ಖಚಿತ ಪತ್ರದ ಟ್ರಿಗರ್ ಆ ಒಂದು ಕಾಲಮ್ಮನ್ನು ಮಾತ್ರ ನೋಡುವಂತೆ ಮಗಳು ಮಾಡಿಕೊಡಬಹುದು. ಬೆಳಿಗ್ಗೆ ಕಾಫಿ ಕುಡಿಯುವಾಗ ಒಮ್ಮೆ, ಸಂಜೆ ಒಮ್ಮೆ, ದಿನಕ್ಕೆ ಐದು ನಿಮಿಷದ ಕೆಲಸ. ಪತ್ರ ಬರೆಯುವುದು, ಕ್ಯಾಲೆಂಡರ್ ತುಂಬುವುದು, ಬರುವ ಮುನ್ನಾದಿನ ದಾರಿಯ ಲಿಂಕ್ ಕಳಿಸುವುದು ಎಲ್ಲವನ್ನೂ ಯಂತ್ರವೇ ಮಾಡಲಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಕಾಲಂ: ‘ಪತ್ರ ಹೋದ ಸಮಯ’. ಮೇಲ್ ಕಳಿಸಿದ ಮೇಲೆ ಆಟೊಮೇಷನ್ನೇ ಅಲ್ಲಿ ತಾರೀಖು, ಗಂಟೆ ಬರೆಯಬೇಕು. ಕಳಿಸುವ ಮೊದಲು ಒಂದು ಫಿಲ್ಟರ್: ಈ ಕಾಲಂ ಖಾಲಿ ಇದ್ದರೆ ಮಾತ್ರ ಮುಂದೆ ಹೋಗು. ಇಷ್ಟಿದ್ದರೆ ನಿಮ್ಮೆಜಮಾನ್ರು ಶೀಟ್‌ನ ಸಾಲುಗಳನ್ನು ಪೂರ್ತಿಯಾಗಿ ದಿನಕ್ಕೆ ಹತ್ತು ಸಲ ಜೋಡಿಸಿದರೂ ಒಬ್ಬರಿಗೆ ಎರಡನೇ ಮೇಲ್ ಹೋಗುವುದಿಲ್ಲ. ಟ್ರಿಗರ್ ಎಷ್ಟು ಸಲ ಎದ್ದರೂ ಫಿಲ್ಟರ್ ಬಾಗಿಲಲ್ಲೇ ತಡೆಯುತ್ತದೆ. ಮನೆಯಲ್ಲಿ ಮಾತ್ರೆ ಕೊಟ್ಟ ಮೇಲೆ ಡಬ್ಬಿಯ ಮೇಲೆ ಗೀಟು ಹಾಕುತ್ತೇವಲ್ಲ, ಇನ್ನೊಬ್ಬರು ಬಂದು ಮತ್ತೆ ಕೊಡದಿರಲಿ ಅಂತ, ಅದೇ ಕೆಲಸ.

ಈ ಫಿಲ್ಟರ್ ಇಲ್ಲದೆ ಬರೀ ಸಮಯ ಬರೆಸಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಕೆಲ ವರ್ಷಗಳ ಹಿಂದೆ ಒಂದು ಟ್ಯೂಷನ್ ಕೇಂದ್ರಕ್ಕೆ ಫೀಸು ನೆನಪಿಸುವ ಆಟೊಮೇಷನ್ ಕಟ್ಟಿದ್ದೆ. ಸಾಲು ಬದಲಾದರೆ ಮೇಲ್ ಕಳಿಸು, ಕಳಿಸಿದ ಸಮಯವನ್ನು ಅದೇ ಸಾಲಿನಲ್ಲಿ ಬರೆ. ಬರೆದದ್ದೇ ಒಂದು ಬದಲಾವಣೆಯಾಯಿತು. ಹದಿನೈದು ನಿಮಿಷದ ಮೇಲೆ ಟ್ರಿಗರ್ ಅದನ್ನು ಕಂಡು ಮತ್ತೆ ಮೇಲ್ ಕಳಿಸಿತು, ಮತ್ತೆ ಸಮಯ ಬರೆಯಿತು. ರಾತ್ರಿ ಹತ್ತಕ್ಕೆ ಶುರುವಾಗಿದ್ದು ಬೆಳಿಗ್ಗೆ ಏಳಕ್ಕೆ ನಾನು ಆಫ್ ಮಾಡುವ ಹೊತ್ತಿಗೆ ಒಬ್ಬ ತಂದೆಗೆ 36 ಮೇಲ್ ಹೋಗಿತ್ತು. ಅವರು ಎರಡು ದಿನ ಮೊದಲೇ ಫೀಸು ಕಟ್ಟಿದ್ದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಅಂದಿನಿಂದ, ತಾನು ನೋಡುವ ಜಾಗದಲ್ಲೇ ತಾನು ಬರೆಯುವ ಆಟೊಮೇಷನ್ ಕಂಡರೆ ಮೊದಲು ಫಿಲ್ಟರ್ ಎಲ್ಲಿದೆ ಅಂತ ಹುಡುಕುತ್ತೇನೆ.

ಹೊಸ ಕಾಲಂ ಮಾಡುವಾಗ ಒಂದು ಎಚ್ಚರ. ಮತ್ತೆ ಆನ್ ಮಾಡುವ ಮುಂಚೆ ಹಳೆಯ ಎಲ್ಲ ಸಾಲುಗಳಲ್ಲೂ ‘ಪತ್ರ ಹೋದ ಸಮಯ’ ತುಂಬಿಬಿಡಿ, ‘ಹಳೆಯದು’ ಅಂತ ಬರೆದರೂ ಸಾಕು. ಖಾಲಿ ಬಿಟ್ಟರೆ ಆ 43 ಜನಕ್ಕೆ ಮೂರನೇ ಸಲ ಮೇಲ್ ಹೋದೀತು. ಕಾಲಂಗಳ ತಲೆಬರಹವನ್ನೂ ಆಮೇಲೆ ಬದಲಿಸಬೇಡಿ. ‘ಫೋನ್’ ಅಂತಿದ್ದದ್ದನ್ನು ‘ಮೊಬೈಲ್’ ಅಂತ ಮಾಡಿದರೂ ಕೊಂಡಿ ಕಳಚಬಹುದು.

ಕಳಿಸಿ ಆಮೇಲೆ ಗುರುತು ಹಾಕುವುದೋ, ಗುರುತು ಹಾಕಿ ಆಮೇಲೆ ಕಳಿಸುವುದೋ ಅನ್ನುವುದು ನಿಮ್ಮ ಮಗಳು ಕೇಳಬಹುದಾದ ಪ್ರಶ್ನೆ. ಎರಡರಲ್ಲೂ ಅಪಾಯ ಇದೆ. ಮೊದಲು ಕಳಿಸಿದರೆ, ಗುರುತು ಹಾಕುವ ಹೆಜ್ಜೆ ಕೈಕೊಟ್ಟರೆ ಮೇಲ್ ಎರಡು ಸಲ ಹೋಗಬಹುದು. ಮೊದಲು ಗುರುತು ಹಾಕಿದರೆ, ಮೇಲ್ ಹೋಗದೇ ಉಳಿದರೂ ಶೀಟ್‌ನಲ್ಲಿ ‘ಹೋಗಿದೆ’ ಅಂತ ಕಾಣುತ್ತದೆ. ಬುಕಿಂಗ್ ಪತ್ರಕ್ಕೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಎರಡು ಪತ್ರ ಬಂದರೆ ಅತಿಥಿ ಮುಗುಳ್ನಕ್ಕು ಸುಮ್ನಾಗುತ್ತಾರೆ, ಪತ್ರವೇ ಬರದಿದ್ದರೆ ಬೇರೆ ಮನೆ ಹುಡುಕುತ್ತಾರೆ. ಹಣ ವಾಪಸ್ ಮಾಡುವಂಥದ್ದಾದರೆ ಉಲ್ಟಾ. ಅಲ್ಲಿ ಎರಡು ಸಲ ಹೋಗುವುದೇ ದೊಡ್ಡ ನಷ್ಟ. ನಿಜ ಹೇಳಬೇಕೆಂದರೆ ಹಣ ವಾಪಸ್ ಮಾಡುವುದನ್ನು ನೀವು ಆಟೊಮೇಷನ್‌ಗೆ ಒಪ್ಪಿಸಲೇಬೇಡಿ.

ಯಾವ ಟೂಲ್‌ನಲ್ಲಿ ಮಾಡುವುದು ಅಂದರೆ, ನಡುವೆ ಫಿಲ್ಟರ್ ಇಡಲು ಮೇಕ್‌ನ ಉಚಿತ ಪ್ಲಾನ್‌ನಲ್ಲಿ ಅವಕಾಶ ಇದೆ. ಝೇಪಿಯರ್‌ನಲ್ಲಾದರೆ ಹಣ ಕೊಡುವ ಪ್ಲಾನ್‌ಗೆ ಹೋಗಬೇಕು. ಮಗಳಿಗೆ ಸ್ವಲ್ಪ ಕೋಡ್ ಬರೆಯಲು ಬಂದರೆ ಗೂಗಲ್‌ನದೇ ಆದ ಆ್ಯಪ್ಸ್ ಸ್ಕ್ರಿಪ್ಟ್ ಇದೆ. ಅದು ಉಚಿತ, ಅದರಲ್ಲಿ ‘ಫಾರ್ಮ್ ಸಲ್ಲಿಕೆಯಾದಾಗ’ ಅನ್ನುವ ಟ್ರಿಗರ್ ಸಿಗುತ್ತದೆ. ಶೀಟ್ ಜೋಡಿಸಿದರೆ ಅದು ಏಳುವುದಿಲ್ಲ, ಯಾಕೆಂದರೆ ಅದು ಸಾಲನ್ನು ನೋಡುವುದಿಲ್ಲ, ಫಾರ್ಮ್ ಬಂದದ್ದನ್ನೇ ನೋಡುತ್ತದೆ. ಸಾಮಾನ್ಯ ಜಿಮೇಲ್ ಅಕೌಂಟಿನಿಂದ ದಿನಕ್ಕೆ 100 ಜನರಿಗೆ ಕಳಿಸಬಹುದು, ನಿಮಗೆ ಧಾರಾಳ. ಅಪಾಯ ಎಲ್ಲಿದೆ ಅಂದರೆ, ಆ ಟ್ರಿಗರ್ ಮಾಡಿದವರ ಅಕೌಂಟಿನ ಹೆಸರಿನಲ್ಲೇ ಅದು ಓಡುತ್ತದೆ. ಮಗಳು ತನ್ನ ಅಕೌಂಟಿನಿಂದ ಮಾಡಿದರೆ ಅತಿಥಿಗಳಿಗೆ ಮೇಲ್ ಅವಳ ವಿಳಾಸದಿಂದಲೇ ಹೋಗುತ್ತದೆ. ಕೋಡ್ ಕೆಟ್ಟರೆ ಅವಳೇ ಬಂದು ನೋಡಬೇಕು. ಎನ್‌ಏಟ್‌ಎನ್ ಅನ್ನುವ ಇನ್ನೊಂದು ಟೂಲನ್ನು ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. ನಿಮ್ಮೂರಿನ ಮಳೆಗಾಲಕ್ಕೆ ಅದು ಬೇಡ, ಅಲ್ಲಿ ನಿಮ್ಮ ಕರೆಂಟಿನ ಭಯ ನಿಜವಾಗುತ್ತದೆ.

ನೋಟ್‌ಬುಕ್ ವಿಷಯ ಕೇಳಿದಿರಿ. ವಾಪಸ್ ಹೋಗುವುದು ಬೇಡ, ಪೂರ್ತಿ ಬಿಡುವುದೂ ಬೇಡ. ಶುಕ್ರವಾರ ಬೆಳಿಗ್ಗೆ ಆ ವಾರಾಂತ್ಯದ ಹೆಸರುಗಳನ್ನು ಕ್ಯಾಲೆಂಡರ್‌ನಿಂದ ನೋಡಿ ಕೈಯಲ್ಲಿ ಬರೆದುಕೊಳ್ಳಿ. ಬರೆಯುವಾಗಲೇ ಒಂದೇ ಕೋಣೆ ಎರಡು ಕಡೆ ಬಂದಿದ್ದರೆ ಕಣ್ಣಿಗೆ ಬೀಳುತ್ತದೆ. ಕರೆಂಟ್, ನೆಟ್ ಎರಡೂ ಇಲ್ಲದ ದಿನ ಯಾರು ಬರುತ್ತಾರೆ ಅಂತಲೂ ಗೊತ್ತಿರುತ್ತದೆ.

ಮತ್ತೆ ಆನ್ ಮಾಡುವ ಮುಂಚೆ ಶೀಟ್‌ನ ಒಂದು ಪ್ರತಿ ಮಾಡಿ, ಅದರಲ್ಲಿ ನಿಮ್ಮದೇ ಮೇಲ್ ವಿಳಾಸ ಹಾಕಿ ಪರೀಕ್ಷೆ ಮಾಡಿ. ‘ಟೆಸ್ಟ್’ ಬಟನ್ ಒತ್ತಿದರೂ ಬಹಳಷ್ಟು ಟೂಲ್‌ಗಳು ನಿಜವಾದ ಮೇಲನ್ನೇ ಕಳಿಸುತ್ತವೆ. ಅತಿಥಿಯ ವಿಳಾಸ ಇಟ್ಟುಕೊಂಡು ಒತ್ತಬೇಡಿ. ಪ್ರತಿಯಲ್ಲಿ ಎಲ್ಲ ಸರಿ ಅನಿಸಿದ ಮೇಲೆ ಬೇಕೆಂದೇ ಕೆಡಿಸಿ ನೋಡಿ. ಸಾಲು ಜೋಡಿಸಿ, ನಡುವೆ ಒಂದು ಅಳಿಸಿ, ಒಂದೇ ಕೋಣೆಗೆ ಎರಡು ಫಾರ್ಮ್ ತುಂಬಿ. ಈ ಕೆಲಸಕ್ಕೆ ನಿಮ್ಮೆಜಮಾನ್ರನ್ನೇ ಕೂರಿಸಿ, ಶೀಟನ್ನು ದಿನಾ ಬಳಸುವವರು ಅವರು. ಅವರಿಗೆ ಗೂಗಲ್ ಶೀಟ್‌ನ ಫಿಲ್ಟರ್ ವ್ಯೂ ತೋರಿಸಿಕೊಡಿ. ಅದರಲ್ಲಿ ತಾರೀಖಿನ ಪ್ರಕಾರ ಜೋಡಿಸಿದರೆ ಅವರ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತದೆ, ಅಸಲಿ ಸಾಲುಗಳು ಇದ್ದಲ್ಲೇ ಇರುತ್ತವೆ.

ಕೊನೆಗೆ ಮಗಳಿಗೆ ಒಂದು ಫೋನ್ ಮಾಡಿ. ಆಟೊಮೇಷನ್ ನಿಂತುಹೋದರೆ, ಕೋಟಾ ಮುಗಿದರೆ, ಪಾಸ್‌ವರ್ಡ್ ಬದಲಾಗಿ ಕೊಂಡಿ ಕಡಿದರೆ ಟೂಲ್ ಎಚ್ಚರಿಕೆಯ ಮೇಲ್ ಕಳಿಸುತ್ತದೆ. ಅದು ಹೋಗುವುದು ಅಕೌಂಟ್ ತೆರೆದವರ ವಿಳಾಸಕ್ಕೆ. ಈಗ ಅದು ಬೆಂಗಳೂರಿನಲ್ಲೋ ಇನ್ನೆಲ್ಲೋ ಅವಳ ಇನ್‌ಬಾಕ್ಸ್‌ನಲ್ಲಿ, ಆಫೀಸಿನ ನೂರು ಮೇಲ್‌ಗಳ ನಡುವೆ ಬಿದ್ದಿರಬಹುದು. ಆ ಎಚ್ಚರಿಕೆ ನಿಮ್ಮ ಫೋನಿಗೂ ಬರುವಂತೆ ಈ ವಾರವೇ ಮಾಡಿಸಿಕೊಳ್ಳಿ.